ಊರುದ್ಧಾರದ ಅರ್ಜಿ

(ಕಾರವಾರ, 1863ರ ಸುಮಾರು. ಸಂತೆಬೀದಿ.)

ಅಂಕೋಲೆಯವ: ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಬಿಚ್ಚಿ ಮುಂಬಯಿಗೆ ಕಟ್ಟಿದರಲ್ಲ, ಯಾಕೆ ಮಾರಾಯಾ?

ಕಾರವಾರದವ: ಹತ್ತಿಗೆ! ಅಮೆರಿಕದಲ್ಲಿ ಯುದ್ಧ, ಮ್ಯಾಂಚೆಸ್ಟರಿನಲ್ಲಿ ಗಿರಣಿ ಬಂದ್. ಧಾರವಾಡದ ಹತ್ತಿ ಹಡಗೇರಲು ನಮ್ಮ ಬಂದರೇ ಬೇಕಂತೆ.

ಅಂಕೋಲೆಯವ: ಮ್ಯಾಂಚೆಸ್ಟರಿನವರ ಯಂತ್ರ ಸದಾಶಿವಗಡಕ್ಕೆ ಬಂದಿತ್ತಲ್ಲ?

ಕಾರವಾರದವ: ಬಂದಿತ್ತು. ಇಳಿಸಲು ಧಕ್ಕೆಯಿಲ್ಲ, ಘಟ್ಟ ಹತ್ತಿಸಲು ರಸ್ತೆಯಿಲ್ಲ.

ಅಂಕೋಲೆಯವ: ಅಬ್ಬಾ, ಸರಕಾರ ನಮ್ಮಂತೆ ಅವರನ್ನೂ ಸಮನಾಗಿ ಕಾಣುತ್ತದೆ!

ಕಾರವಾರದವ: ನಗಬೇಡ. ನಮಗೂ 1850ರ 26ನೇ ಕಾಯಿದೆ ಉಂಟು. ಊರವರೇ ಅರ್ಜಿ ಹಾಕಿದರೆ ರಸ್ತೆ, ಗಟಾರ, ದೀಪ.

ಅಂಕೋಲೆಯವ: ಬಿಟ್ಟಿಯೋ?

ಕಾರವಾರದವ: ತೆರಿಗೆ. ಬೇಡಿದವನೇ ತೆರಬೇಕು.

ಅಂಕೋಲೆಯವ: ಲೆಕ್ಕ ನೋಡುವ ಕಮಿಷನರನ್ನು ನಾವು ಆರಿಸುತ್ತೇವೋ?

ಕಾರವಾರದವ: ಛೆ! ಸರಕಾರ ನೇಮಿಸುತ್ತದೆ. ಮ್ಯಾಜಿಸ್ಟ್ರೇಟ್ ಸಾಹೇಬರೂ ಇರುತ್ತಾರೆ.

ಅಂಕೋಲೆಯವ: ಮ್ಯಾಂಚೆಸ್ಟರಿನಲ್ಲೂ ಹೀಗೆಯೋ?

ಕಾರವಾರದವ: ಅಲ್ಲಿ 1838ರಿಂದಲೇ ಚುನಾಯಿತ ಕೌನ್ಸಿಲ್. ತೆರಿಗೆ ಕೊಟ್ಟವನಿಗೆ ಓಟು.

ಅಂಕೋಲೆಯವ: ನಮಗೆ?

ಕಾರವಾರದವ: ರಸೀದಿ.

(ಚುನಾವಣೆಯ ಮಾತು ವೈಸರಾಯ್ ರಿಪ್ಪನ್ ಸಾಹೇಬರಿಗೆ ಹೊಳೆಯಲು 1882 ಬರಬೇಕು. ಪಾಪ, ಇವರಿಬ್ಬರೂ ಅಲ್ಲಿಯವರೆಗೆ ಕಾಯಲಿ.)

ಅಂಕೋಲೆಯವ: ಗಟಾರದ ನೀರೆಲ್ಲಿಗೆ?

ಕಾರವಾರದವ: ಇಳಿಜಾರಿದ್ದರೆ ಕಡಲಿಗೆ.

ಅಂಕೋಲೆಯವ: ತೆರಿಗೆಗೆ?

ಕಾರವಾರದವ: ಅದಕ್ಕೆ ಇಳಿಜಾರು ಬೇಡ, ತಾನಾಗಿ ಮೇಲೇರುತ್ತದೆ.

ಅಂಕೋಲೆಯವ: ಹಾಗಾದರೆ ಹೊರಟೆ. ನಮ್ಮೂರಲ್ಲಿ ಕತ್ತಲೆ ಇನ್ನೂ ಪುಕ್ಕಟೆ!