ಕಡತ, ಕೋಡುಬಳೆ ಮತ್ತು ಮೇಡಂ

ನಮ್ಮ ಸೂಪರಿಂಟೆಂಡೆಂಟ್ ಮೇಡಂ ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಸಾಕು, ನನ್ನ ಕೈಯಲ್ಲಿದ್ದ ಕಡತಕ್ಕೂ ಬೆವರು ಬರುತ್ತಿತ್ತು. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿ ಅವರಿಗೆ ಬಾಯಿಪಾಠ. ಅವರೆದುರು ನನಗೆ ನನ್ನ ಮೊಬೈಲ್ ನಂಬರೂ ನೆನಪಾಗುತ್ತಿರಲಿಲ್ಲ. ಕುಡಿಯುವ ನೀರಿನ ಕ್ಯಾನ್ ಇದ್ದದ್ದು ಅವರ ಟೇಬಲ್ಲಿನಾಚೆ. ಹಾಗಾಗಿ ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಡಾಕ್ಟರು ಕೇಳಿದರೆ ಏನಂತ ಹೇಳುವುದು?

ಒಂದು ದಿನ ರಜೆ ಅರ್ಜಿ ಹಿಡಿದು ನಿಂತೆ. ಕಾರಣದ ಜಾಗದಲ್ಲಿ ಎಲ್ಲರಂತೆ ‘ಅನಿವಾರ್ಯ ಕಾರಣ’ ಅಂತ ಬರೆದಿದ್ದೆ. ಮೇಡಂ ಪೆನ್ನಿನ ಕ್ಯಾಪ್ ತೆಗೆದರು.

“ಹುಡುಗಿ ನೋಡೋಕಾ?”

“ಹ್ಞೂಂ ಮೇಡಂ.”

“ಹೋದ್ಸಲನೂ ಅದಕ್ಕೇ ಹೋಗಿದ್ದೆ ಅಲ್ವಾ?”

“ಹೌದು ಮೇಡಂ.”

“ನೋಡಪ್ಪಾ, 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟು, ಸರ್ಕಾರ ಸಿಎಲ್ 15ರಿಂದ 10ಕ್ಕೆ ಇಳಿಸಿದೆ. ದಿನಕ್ಕೊಬ್ಬಳು ಅಂದ್ರೆ ವರ್ಷಕ್ಕೆ 10 ಹುಡುಗಿ ಅಷ್ಟೇ. ಅರ್ಧ ದಿನದ ರಜೆ ಹಾಕು, 20 ಆಗುತ್ತೆ.”

ಮುಖದ ಒಂದು ಗೆರೆಯೂ ಅಲುಗದೆ ಸಹಿ ಹಾಕಿದರು. ನಗಲು ಧೈರ್ಯ ಸಾಲದೆ ನಾನು ಕೆಮ್ಮಿದೆ.

ಆಮೇಲೆ ಕಿವಿಗೊಟ್ಟು ಕೇಳಿದರೆ, ಮೇಡಂ ಬೆಳಗಿನಿಂದ ಸಂಜೆವರೆಗೆ ಹಾಸ್ಯವನ್ನೇ ಮಾಡುತ್ತಿದ್ದರು! ಸುತ್ತೋಲೆ ಓದುವ ದನಿಯಲ್ಲಿ ಹೇಳುತ್ತಿದ್ದರಿಂದ ನಾವೆಲ್ಲ ಅದನ್ನು ಆದೇಶವೆಂದುಕೊಂಡು ಪಾಲಿಸುತ್ತಿದ್ದೆವು, ಅಷ್ಟೆ.

ಈಗ ಸಂಜೆ ಟೀಗೆ ನಾನೇ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂರುತ್ತೇನೆ. ಸ್ಟೀಲ್ ಡಬ್ಬಿಯಿಂದ ಕೋಡುಬಳೆ ತೆಗೆದು ಕೊಡುತ್ತಾರೆ. ಆಗಲೂ ಅದೇ ಮುಖ: “ಸ್ವೀಕೃತಿಗೆ ಸಹಿ ಮಾಡು.”

ಮಾಡುತ್ತೇನೆ. ಸುಮ್ಮನೆ ರಿಸ್ಕ್ ಯಾಕೆ?