ಮಾರಿ ಅದೇ, ತಾರೀಖು ಬ್ಯಾರೆ

ದುಬೈಗೆ ಬಂದ ಮೇಲೆ ನಮ್ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಖರ್ಚಾಗುವುದು ‘ರಿನ್ಯೂ’ ಎಂಬ ಪದ. ವೀಸಾ ರಿನ್ಯೂ, ಎಮಿರೇಟ್ಸ್ ಐಡಿ ರಿನ್ಯೂ, ಬಾಡಿಗೆ ಕರಾರು ರಿನ್ಯೂ, ಕಾರಿನ ಮುಲ್ಕಿಯಾ ಅಂದರೆ ನೋಂದಣಿ ಕಾರ್ಡು ರಿನ್ಯೂ. ಕಲಬುರಗಿಯ ಮೋಮಿನಪುರದಿಂದ ಬಂದಿಳಿದ ಅವ್ವ ಫ್ರಿಜ್ಜಿಗೆ ಅಂಟಿಸಿದ ಪಟ್ಟಿ ನೋಡಿ, "ಕಿರಾಣಿ ಉದ್ರಿ ಚೀಟಿ ಏನು?" ಅಂದಳು.

"ಅಲ್ಲವ್ವ. ರಿನ್ಯೂ ಅಂದ್ರ ಹೊಸಾದು ಮಾಡಸೋದು."

ನನ್ನ ಹೊಸ ಕಾರ್ಡನ್ನು ತಿರುವಿ ಮುರುವಿ ನೋಡಿದಳು. "ಮಾರಿ ಅದೇ ಅದ, ಹೆಸರೂ ಅದೇ. ಹೊಸಾದು ಯಾವುದು?"

"ತಾರೀಖು."

"ತಾರೀಖು ದಿನಾ ಪುಕ್ಕಟೆ ಬದಲಾಗ್ತದಲ್ಲೋ! ಇವರಿಗ್ಯಾಕ ರೊಕ್ಕ ಕೊಟ್ಟಿ?"

ಅವ್ವನ ಲೋಕದಲ್ಲಿ ಹೊಸದು ಮಾಡುವವರೇ ಬೇರೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವ, ಗೋಡೆಗೆ ಸುಣ್ಣ ಹಚ್ಚುವವ, ಗಂಟುಗಟ್ಟಿದ ಗಾದಿ ಬಿಚ್ಚಿ ಹತ್ತಿ ಹಿಂಜುವ ಪಿಂಜಾರ. ಬೆಳಿಗ್ಗೆ ಕಲ್ಲಿನಂತಿದ್ದ ಗಾದಿ ಸಂಜೆಗೆ ಮೊಲದ ಮರಿ. ನಾವು ಮಕ್ಕಳು ಅದರ ಮೇಲೆ ಕುಣಿದು ಮಲಗುವಷ್ಟರಲ್ಲಿ ಹಳತು ಮಾಡಿರುತ್ತಿದ್ದೆವು. ಒಂದೊಂದು ಕೆಲಸಕ್ಕೂ ಒಂದೊಂದು ಮಾತು. ಇಂಗ್ಲಿಷಿನವರು ಎಲ್ಲಕ್ಕೂ ಒಂದೇ ಡಬ್ಬಿ ಇಟ್ಟಿದ್ದಾರೆ.

ಪಾಸ್‌ಪೋರ್ಟ್ ವಿಷಯದಲ್ಲಿ ನಾನೇ ಸೋತೆ. ಹತ್ತು ವರ್ಷ ತುಂಬಿದರೆ ನಾವೆಲ್ಲ ‘ರಿನ್ಯೂ’ ಅನ್ನುತ್ತೇವೆ; ಭಾರತ ಸರ್ಕಾರದ ಅರ್ಜಿಯಲ್ಲಿ ಅದು ‘ರೀಇಶ್ಯೂ’. ಪುಸ್ತಕ ಹೊಸದು, ನಂಬರೂ ಹೊಸದು. ಖರೇನೇ ಹೊಸದಾದದ್ದಕ್ಕೆ ಆ ಹೆಸರಿಲ್ಲ! ಮೂಲೆ ಕತ್ತರಿಸಿ ಮರಳಿಸಿದ ಹಳೆಯದನ್ನು ಹಿಡಿದು ಅವ್ವ, "ಇಲ್ಲಿನೂ ಇಲಿ ಅವ ಏನು?" ಅಂದಳು. ಅದರೊಳಗೆ ಊರು ‘ಗುಲ್ಬರ್ಗಾ’ ಎಂದಿತ್ತು. 2014ರ ನವೆಂಬರ್ 1ರಿಂದ ಅದು ಕಲಬುರಗಿ ಆಯಿತಲ್ಲ, ಊರ ಹೆಸರೂ ರಿನ್ಯೂ ಆದಂಗ ಅಂದೆ.

"ನಮ್ಮ ಮುತ್ಯಾ ಹುಟ್ಟಿದಾಗಿಂದ ಕಲಬುರ್ಗಿನೇ ಅಂತಿದ್ದ. ಅವಗ ಯಾರು ರಿನ್ಯೂ ಮಾಡಿ ಕೊಟ್ಟಿದ್ರು?"

ಮೊನ್ನೆ ಎದುರುಮನೆಯ ಇಂಗ್ಲಿಷ್ ದಂಪತಿ ಕರೆಯಲು ಬಂದರು: ಮದುವೆಯಾಗಿ ಇಪ್ಪತ್ತೈದು ವರ್ಷ, ಪ್ರತಿಜ್ಞೆಗಳನ್ನು ರಿನ್ಯೂ ಮಾಡುತ್ತಾರಂತೆ. ಅವ್ವ ಗಾಬರಿಯಾದಳು. "ಲಗ್ನದ ಮುದತ್ತೂ ಮುಗೀತದೇನು?"

"ಹೈದರಾಬಾದ್ ಕರ್ನಾಟಕಕ್ಕ 2019ರಾಗ ಕಲ್ಯಾಣ ಆಗಲಿಲ್ಲೇನು? ಹಂಗ ಇವರಿಗೂ ಇನ್ನೊಂದು ಕಲ್ಯಾಣ" ಅಂದೆ. ನನ್ನ ಜೋಕಿಗೆ ನಾನೊಬ್ಬನೇ ನಕ್ಕೆ.

ರಾತ್ರಿ ಮೋಮಿನಪುರದಿಂದ ಅಪ್ಪನ ಫೋನು. ವೀಸಾ ಮುಗಿಯುತ್ತ ಬಂತು, ಯಾವಾಗ ಬರ್ತಿ ಅಂತ. ಅವ್ವ ಅದನ್ನು ಬಿಟ್ಟು ಬೇರೆಯೇ ಸುದ್ದಿ ತೆಗೆದಳು.

"ಇಲ್ಲಿ ಲಗ್ನಾನೂ ರಿನ್ಯೂ ಮಾಡ್ತಾರಂತ್ರಿ. ನಮ್ದೂ ಮಾಡಸೋಣಂತ ಕೇಳ್ದೆ. ತಾರೀಖಷ್ಟೇ ಬದಲಿ ಮಾಡ್ತಾರಂತ, ಮಾರಿ ಅದೇ ಇರ್ತದಂತ. ಬ್ಯಾಡ ಬಿಡ್ರಿ."