ಬರುವುದಿಲ್ಲ ಎನ್ನುವುದಕ್ಕೂ ವೀಸಾ

ಒಂದು ದೇಶಕ್ಕೆ ಹೋಗಲು ವೀಸಾ ಬೇಕು ಎಂದರೆ ಒಪ್ಪೋಣ, ಅದು ಅವರ ಹಕ್ಕು. ಆದರೆ ಹೋಗದೇ ಇರುವುದಕ್ಕೂ ವೀಸಾ ಬೇಕು ಎಂದು ಕಂಡುಹಿಡಿದ ಮಹಾನುಭಾವರಿಗೆ ದೀರ್ಘದಂಡ ನಮಸ್ಕಾರ. ಲಂಡನ್ನಿನ ಹೀಥ್ರೂನಲ್ಲಿ ಇಳಿದು, ಇಮಿಗ್ರೇಷನ್ ಕಡೆ ತಿರುಗಿಯೂ ನೋಡದೆ, ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ನಡೆದು ಬೇರೆ ವಿಮಾನ ಹತ್ತುವುದಕ್ಕೂ ಭಾರತದ ಪಾಸ್‌ಪೋರ್ಟಿನವರಿಗೆ ವೀಸಾ ಬೇಕು. ಹೆಸರು ‘ಡೈರೆಕ್ಟ್ ಏರ್‌ಸೈಡ್ ಟ್ರಾನ್ಸಿಟ್ ವೀಸಾ’. ಅರಸೀಕೆರೆಯಲ್ಲಿ ರೈಲು ಬದಲಿಸುವವನಿಗೆ, ಪ್ಲಾಟ್‌ಫಾರ್ಮಿನ ಕಾಫಿ ಕುಡಿಯುವ ಮೊದಲು ತಹಸೀಲ್ದಾರರ ಮುಂದೆ ಪಹಣಿ ಇಡಪ್ಪಾ ಎಂದಹಾಗೆ.

ಅದಕ್ಕಾಗಿ ಅರ್ಜಿ ತುಂಬಬೇಕು, ಫೀಸು ಕಟ್ಟಬೇಕು, ಹತ್ತೂ ಬೆರಳಿನ ಅಚ್ಚು ಒತ್ತಬೇಕು. ಮುಂದಿನ ಟಿಕೆಟ್ಟು ತೋರಿಸಿ, ಆ ಇನ್ನೊಂದು ದೇಶ ನಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂದು ನಂಬಿಸಬೇಕು. ನಮ್ಮ ಬೀದಿಯಲ್ಲೇ ಇಡ್ಲಿ ತಿಂದು ಬೆಳೆದು, ಆಮೇಲೆ ಅಮೆರಿಕದ ಪಾಸ್‌ಪೋರ್ಟು ಪಡೆದ ಪಕ್ಕದ ಸೀಟಿನವನಿಗೆ ಇದ್ಯಾವುದೂ ಇಲ್ಲ. ಅವನು ಪ್ರಯಾಣಿಕ, ನಾವು ಅನುಮಾನ.

ವಿನಾಯಿತಿ ಇಲ್ಲವೆಂದಲ್ಲ. ಅಮೆರಿಕದ್ದೋ ಕೆನಡಾದ್ದೋ ಆಸ್ಟ್ರೇಲಿಯಾದ್ದೋ ಚಾಲ್ತಿಯಲ್ಲಿರುವ ವೀಸಾ ಪಾಸ್‌ಪೋರ್ಟಿನಲ್ಲಿದ್ದರೆ ಸಾಮಾನ್ಯವಾಗಿ ಬಿಡುತ್ತಾರೆ. ನಮ್ಮ ಸರ್ಕಾರ ಕೊಟ್ಟ ಪಾಸ್‌ಪೋರ್ಟಿಗಿಂತ ಅದರೊಳಗೆ ಪರದೇಶ ಅಂಟಿಸಿದ ಚೀಟಿಗೇ ಬೆಲೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಿ ಆ ಚೀಟಿಯ ಪುಣ್ಯದಿಂದ ಪಾರಾಗುತ್ತಾರೆ. ಸಿಕ್ಕಿಬೀಳುವವನು ಅಳಿಯ. ವರ್ಷಗಟ್ಟಲೆ ಊರಿಗೆ ಬರದೆ ಅಲ್ಲೇ ದುಡಿದಿದ್ದಾನೆ. ಅಲ್ಲಿರಲು, ಕೆಲಸ ಮಾಡಲು ಅಮೆರಿಕ ಸರ್ಕಾರದ್ದೇ ಅನುಮತಿ ಇದೆ, ತೆರಿಗೆಯನ್ನೂ ಕಟ್ಟುತ್ತಾನೆ. ಪಾಸ್‌ಪೋರ್ಟಿನ ವೀಸಾ ಮಾತ್ರ ಅವಧಿ ಮುಗಿದಿದೆ. ಹೊಸ ಮುದ್ರೆ ಒತ್ತಿಸಲು ಊರಿಗೆ ಬರಬೇಕು, ಬರುವ ದಾರಿಯಲ್ಲಿ ಹಳೆಯ ಮುದ್ರೆ ಕೇಳುತ್ತಾರೆ. ಬಲ್ಲವರು ದೋಹಾ, ದುಬೈ ಹಿಡಿಯುತ್ತಾರೆ. ಅಲ್ಲಿ ಕೇಳುವುದು ಒಂದೇ: ಚಿನ್ನ ಬೇಕೇ, ಖರ್ಜೂರ ಬೇಕೇ?

ಅಮೆರಿಕಕ್ಕಂತೂ ಈ ಅರೆಬರೆ ವ್ಯವಹಾರ ಒಗ್ಗುವುದೇ ಇಲ್ಲ. ಅಲ್ಲಿ ಹೊರಗೇ ಕೂರಿಸಿ ಮುಂದಕ್ಕೆ ಕಳಿಸುವ ಏರ್ಪಾಡಿಲ್ಲ. ವೀಸಾ ಇಲ್ಲದೆ ದಾಟಿಹೋಗುವ ಸೌಲಭ್ಯವನ್ನು 2003ರ ಆಗಸ್ಟ್‌ನಲ್ಲೇ ನಿಲ್ಲಿಸಿದರು. ಪೆರುವಿಗೆ ಹೊರಟವನೂ ಮಯಾಮಿಯಲ್ಲಿ ಇಮಿಗ್ರೇಷನ್ ದಾಟಿ, ಕಸ್ಟಮ್ಸ್ ಮುಗಿಸಿಯೇ ಮುಂದಿನ ವಿಮಾನ ಹತ್ತಬೇಕು. ಅದಕ್ಕೆ ಸಿ-1 ವೀಸಾ. 2023ರ ಜೂನ್‌ನಲ್ಲಿ ಅದರ ಅರ್ಜಿ ಶುಲ್ಕ 185 ಡಾಲರ್ ಆಯಿತು; ಪ್ರವಾಸಿ ವೀಸಾಕ್ಕೂ ಅಷ್ಟೇ. ತಿಂಗಳುಗಟ್ಟಲೆ ನಯಾಗರಾ, ಲಾಸ್ ವೇಗಸ್ ಸುತ್ತುವವನೂ ಒಂದೇ, ಮಯಾಮಿಯಲ್ಲಿ ಎರಡು ಗಂಟೆ ಬೆಂಚು ಬಿಸಿ ಮಾಡುವವನೂ ಒಂದೇ. ಸಮಾನತೆ ಎಂದರೆ ಇದು.

ಈ ಕಾನೂನುಗಳ ನಿಜವಾದ ಜಾಣತನ ಇರುವುದು ಕಾವಲಿನಲ್ಲಿ. ಕಾಗದ ಸರಿಯಿಲ್ಲದವರನ್ನು ಕರೆತಂದ ವಿಮಾನ ಕಂಪನಿಗೆ ದಂಡ ಹಾಕಲು ಬ್ರಿಟನ್ 1987ರಲ್ಲೇ ಕಾಯ್ದೆ ಮಾಡಿತು. ಈಗ ತಲೆಗೆ 2000 ಪೌಂಡ್. ಹಾಗಾಗಿ ನಮ್ಮನ್ನು ತಡೆಯುವವರು ಲಂಡನ್ನಿನ ಅಧಿಕಾರಿಗಳಲ್ಲ. ನಡುರಾತ್ರಿ ದೇವನಹಳ್ಳಿಯ ಚೆಕ್‌ಇನ್ ಕೌಂಟರಿನಲ್ಲಿ, ‘ಟಿಮ್ಯಾಟಿಕ್’ ಎಂಬ ನಿಯಮಗಳ ಕಣಜಕ್ಕೆ ಕಣ್ಣು ನೆಟ್ಟು ಕೂತ ಹುಡುಗಿ.

“ಸರ್, ಯುಕೆ ಟ್ರಾನ್ಸಿಟ್ ವೀಸಾ?”

“ನಾವು ಲಂಡನ್‌ಗೆ ಹೋಗ್ತಿಲ್ಲಮ್ಮಾ.”

“ಗೊತ್ತು ಸರ್. ಅದಕ್ಕೇ ಕೇಳ್ತಿರೋದು.”

1791ರಲ್ಲಿ ಇದೇ ದೇವನಹಳ್ಳಿಯ ಕೋಟೆ ಹಿಡಿಯಲು ಕಾರ್ನ್‌ವಾಲಿಸ್ ಸೈನ್ಯ ಕಟ್ಟಿಕೊಂಡು ಬರಬೇಕಾಯಿತು. ಈಗ ಬ್ರಿಟನ್ನಿನ ಗಡಿ ಒಂದು ಗುಂಡೂ ಹಾರಿಸದೆ ಇಲ್ಲಿಗೆ ಬಂದು ಕೂತಿದೆ. ಕಾವಲಿಗೆ ನಮ್ಮ ಹುಡುಗಿ, ಸಂಬಳ ವಿಮಾನ ಕಂಪನಿಯದು, ಆ ಕಂಪನಿಗೆ ದುಡ್ಡು ನಮ್ಮ ಟಿಕೆಟ್ಟಿನದು. ಸಾಮ್ರಾಜ್ಯವನ್ನು ಇಷ್ಟು ಅಗ್ಗವಾಗಿ ನಡೆಸಬಹುದೆಂದು ಪಾಪ, ಕಾರ್ನ್‌ವಾಲಿಸನಿಗೆ ಹೊಳೆದಿರಲಿಲ್ಲ.